ಪಾತ್ರೆ ಯಾರು ತೊಳೆಯಬೇಕು

ಗುಬ್ಬೀ,

ನಾನು ಡ್ಯೂಟಿಗೆ ಹೊರಟೆ. ಅಪ್ಪನಿಗೆ ಅನ್ನ ಮೆತ್ತಗೆ ಕಲಸಿ ಕೊಡು. ಎಡಗೈಯಲ್ಲಿ ತಿಂತಾರೆ, ಚೆಲ್ಲಿದರೆ ರೇಗಬೇಡ.

ಊಟ ಆದಮೇಲೆ ಎಂದಿನಂತೆ ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನು ಹರಡು. ಇರುವ ಅಕ್ಷರಗಳಲ್ಲೇ ಉದ್ದನೆಯ ಪದ ಹುಡುಕಿದವರು ಗೆದ್ದರು, ಸೋತವರು ಪಾತ್ರೆ ತೊಳೆಯಬೇಕು ಅನ್ನೋದು ಅಪ್ಪನೇ ಮಾಡಿದ ಕಾನೂನು. ನಿನ್ನೆ ನೀನು ಹತ್ತಕ್ಷರದ ಪದ ಜೋಡಿಸಿ ಕುಣಿದೆ. ಪಾಪ, ಅಪ್ಪ ಹಟ ಹಿಡಿದು ಸಿಂಕಿನ ಮುಂದೆ ನಿಂತರು. ಒಂದು ಲೋಟ ಹಿಡಿಯೋಕಾಗಲಿಲ್ಲ. ನಿನಗೆ ಕಣ್ಣಿಲ್ಲವೇನೇ?

ಸ್ಟ್ರೋಕ್ ಆದಮೇಲೆ ಅವರಿಗೆ ಹೊಳೆಯೋದು ಮೂರಕ್ಷರದ 'ಕ್ಯಾಟ್', 'ಬ್ಯಾಟ್' ಅಷ್ಟೇ. ನಿನಗೆ ಎಂಥಾ ದೊಡ್ಡ ಪದ ಹೊಳೆದರೂ ನುಂಗಿಕೋ. ಎರಡಕ್ಷರದ್ದು ಹಾಕಿ ಸೋಲು. ಆಮೇಲೆ ಗೊಣಗುತ್ತಾ ಪಾತ್ರೆ ತೊಳಿ.

ಗೊಣಗದೇ ಇದ್ದರೆ ಅವರಿಗೆ ಗೊತ್ತಾಗಿಬಿಡುತ್ತೆ.

ಅಮ್ಮ