ಖಾಲಿ ಮನೆಯ ಬೆಲೆ

ಪ್ರೀತಿಯ ತಮ್ಮನಿಗೆ,

ನಿನ್ನ ಕಾರ್ಖಾನೆಯ ಯಂತ್ರಗಳು ನಿಂತಿವೆ, ಆದರೂ ಬ್ಯಾಂಕಿನವರು ಸಾಲ ಹೆಚ್ಚಿಸುತ್ತಲೇ ಇದ್ದಾರೆ. ಆ ಹಣದಲ್ಲಿ ನೀನು ನಮ್ಮ ಬೀದಿಯ ಒಂದು ಮನೆ ಕೊಂಡರೆ ಉಳಿದ ಮನೆಗಳ ಬೆಲೆ ಏರುತ್ತದೆ. ಏರಿದ ಬೆಲೆಯ ಮೇಲೆ ಮತ್ತೆ ಸಾಲ, ಮತ್ತೊಂದು ಮನೆ. ಮಾರಿದವರೆಲ್ಲ ಹೊರಟುಹೋದರು. ಉಳಿದಿರುವುದು ನಮ್ಮಿಬ್ಬರ ಹೆಸರಿನ ಈ ಮನೆ, ಇದರಲ್ಲಿ ನಾನು.

ಇದನ್ನೂ ಅಡಮಾನ ಇಡಲೆಂದು ಮೊನ್ನೆ ಬ್ಯಾಂಕಿನ ಪರವಾಗಿ ಬೆಲೆ ಕಟ್ಟುವವರೊಬ್ಬರು ಬಂದಿದ್ದರು. ಕೂತಿದ್ದ ನನ್ನ ಮಡಿಲ ಮೇಲೆಯೇ ಟೇಪು ಎಳೆದು ಕೋಣೆ ಅಳೆದರು.

"ವಾಸ ಇರೋರು ಯಾರೂ ಇಲ್ಲ ಅಂತ ಬರ್ಕೊಂಡಿದೀನಿ," ಎಂದರು.

"ನಾನಿದೀನಲ್ಲಪ್ಪ?"

"ಖಾಲಿ ಮನೆಗೆ ಬೆಲೆ ಜಾಸ್ತಿ ಅಮ್ಮ. ನಿಮ್ಮ ತಮ್ಮನೇ ಹಾಗೆ ಬರೀರಿ ಅಂದ್ರು."

ಅಂದಿನಿಂದ ಹಾಲಿನವನು ಬಾಗಿಲಿಗೆ ಬರುತ್ತಿಲ್ಲ. ನಿನ್ನೆ ಕಿಟಕಿಯಿಂದ ಕರೆದೆ. ಅವನು ತಲೆಯೆತ್ತಿ ನೋಡಿ, "ಎಂಥಾ ಮನೆ, ಸುಮ್ನೆ ಪಾಳು ಬಿದ್ದಿದೆ ನೋಡು," ಎಂದು ಜೊತೆಯವನಿಗೆ ಹೇಳಿ ಸೈಕಲ್ ತುಳಿದ. ನಾನು ಕೈ ಬೀಸುತ್ತಲೇ ಇದ್ದೆ.

ಒಮ್ಮೆ ಬಾ. ಗೇಟಿನ ಹೊರಗೆ ನಿಂತು, ಬೀದಿಗೆಲ್ಲ ಕೇಳುವಂತೆ "ಅಕ್ಕಾ" ಎಂದು ಕೂಗು. ನಾನು ಓಗೊಡುತ್ತೇನೆ. ನಿನಗೆ ಕೇಳಿಸಿದರೆ ಅಡಮಾನದ ಕಾಗದ ಒಳಗೆ ತಾ, ಸಹಿ ಹಾಕುತ್ತೇನೆ.

ಇಲ್ಲೇ ಇರುವ,
ನಿನ್ನ ಅಕ್ಕ