ಆಷಾಢದಲ್ಲಿ ಬಂದ ಲಗ್ನಪತ್ರಿಕೆ

ಬನಶಂಕರಿ ಎರಡನೇ ಹಂತ, ಬೆಂಗಳೂರು
12 ಜುಲೈ 2025, ಶನಿವಾರ

ಪ್ರೀತಿಯ ಮಗಳು ಧೃತಿಗೆ,

ಹೇಗಿದ್ದೀಯ? ಬೀದರಿನಲ್ಲಿ ಮಳೆ ಹಿಡಿಯಿತೇ? ಹೋದ ವಾರ ಎಮ್ಮೆ ಒದ್ದಿತು ಎಂದಿದ್ದೆಯಲ್ಲ, ಆ ಊತ ಇಳಿಯಿತೇ? ಊರಿನ ದನಕರುಗಳಿಗೆಲ್ಲ ಔಷಧಿ ಕೊಡುವ ಡಾಕ್ಟರಮ್ಮನಿಗೆ ತನ್ನ ಕಾಲಿಗೆ ಮುಲಾಮು ಹಚ್ಚಿಕೊಳ್ಳಲು ಪುರಸೊತ್ತಿರುವುದಿಲ್ಲ, ನನಗೆ ಗೊತ್ತು. ಹಚ್ಚಿಕೋ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಫೋನ್ ಇರುವಾಗ ಅಪ್ಪನಿಗೇಕೆ ಕಾಗದದ ಹುಚ್ಚು ಎಂದು ನೀನು ನಗಬಹುದು. ಫೋನಿನಲ್ಲಿ ಮಾತಾಡುವಾಗ ನಿನ್ನ ಅಮ್ಮ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿಸಿರುತ್ತಾಳೆ. ಅವಳೆದುರಿಗೇ ಅವಳನ್ನು ಹೊಗಳಿಬಿಟ್ಟರೆ ಆಮೇಲೆ ಅವಳನ್ನು ಹಿಡಿಯುವವರು ಯಾರು? ಅದಕ್ಕೇ ಅವಳು ಭಜನೆಗೆ ಹೋದ ಹೊತ್ತು ನೋಡಿ ಬರೆಯುತ್ತಿದ್ದೇನೆ.

ಮಂಗಳವಾರ ಬೆಳಿಗ್ಗೆ ಅವಳ ಫೋನಿಗೆ ಮೀನಾಕ್ಷಮ್ಮನ ನಂಬರಿನಿಂದ ಒಂದು ಮೆಸೇಜು ಬಂತು. ಮೀನಾಕ್ಷಮ್ಮ ಗೊತ್ತಲ್ಲ, ತ್ಯಾಗರಾಜನಗರದವರು, ಅಮ್ಮನ ಭಜನೆ ಗುಂಪಿನ ಗೆಳತಿ, ಮಗ ದೀಪಕ್‌ಗೆ ಎರಡು ವರ್ಷದಿಂದ ಹೆಣ್ಣು ನೋಡುತ್ತಿರುವವರು. ‘ನಮ್ಮ ಮನೆಯ ಮದುವೆ, ಜುಲೈ 18. ಪತ್ರಿಕೆ ತೆರೆದು ನೋಡಿ, ತಪ್ಪದೆ ಬನ್ನಿ’ ಎಂದಿತ್ತು. ಕೆಳಗೆ ಒಂದು ಫೈಲು. ಅಂತೂ ಹುಡುಗನಿಗೆ ಕಂಕಣಬಲ ಕೂಡಿಬಂತು, ಗೊತ್ತಿದ್ದವರ ನಂಬರು ತಾನೇ ಎಂದು ನಾನು ಬೆರಳು ಚಾಚಿದೆ. ಕೈಮೇಲೆ ಫಟ್ಟನೆ ಏಟು ಬಿತ್ತು. "ರೀ, ಸುಮ್ನಿರಿ! ಇದು ಆಷಾಢ. ಮದುವೆ ಆಗಿರೋ ಹುಡುಗೀನೇ ತವರಿಗೆ ಕಳಿಸೋ ತಿಂಗಳಲ್ಲಿ ಯಾರಾದ್ರೂ ತಾಳಿ ಕಟ್ಟಿಸ್ತಾರಾ? ಅದೂ ಮೀನಾಕ್ಷಮ್ಮ? ಹಪ್ಪಳ ಒತ್ತೋಕೂ ಪಂಚಾಂಗ ನೋಡೋ ಹೆಂಗಸು ಅವರು. ನಂಗೆ ಮನೆಗೆ ಬಂದು ಕುಂಕುಮ ಕೊಡದೆ ಮಗನ ಮದುವೆ ಮಾಡ್ತಾರಾ?" ಎಂದಳು. ಆಮೇಲೆ ಫೈಲಿನ ಹೆಸರಿನ ತುದಿಗೆ ಅಂಟಿಕೊಂಡಿದ್ದ ‘ಎಪಿಕೆ’ ಎಂಬ ಮೂರಕ್ಷರ ತೋರಿಸಿದಳು. ನಿಜವಾದ ಪತ್ರಿಕೆಯಾಗಿದ್ದರೆ ಫೋಟೊ ಬರುತ್ತಿತ್ತಂತೆ. ಇದನ್ನು ಒತ್ತಿದರೆ ಫೋನಿನೊಳಗೆ ಒಂದು ಆಪ್ ಬಂದು ಕೂತು, ಬ್ಯಾಂಕಿನಿಂದ ಬರುವ ಓಟಿಪಿಗಳನ್ನೆಲ್ಲ ಕಳ್ಳನಿಗೆ ದಾಟಿಸುತ್ತದಂತೆ. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ. ಪೇಪರಿನಲ್ಲಿ ಪೊಲೀಸರು ಬರೆಸುವ ಎಚ್ಚರಿಕೆಗಳನ್ನು ಅವಳು ಒಂದಕ್ಷರ ಬಿಡದೆ ಓದುತ್ತಾಳಂತೆ. ನಾನು ಮೂವತ್ತೆರಡು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಕಳ್ಳ ಸಹಿಗಳನ್ನು ಹಿಡಿದವನು, ಆ ಪುಟವನ್ನು ಮಗುಚಿ ಕ್ರಿಕೆಟ್ ನೋಡುತ್ತೇನೆ.

ಮೆಸೇಜು ಅಳಿಸಿ ಸುಮ್ಮನಾಗುತ್ತಾಳೆ ಎಂದುಕೊಂಡಿದ್ದೆ. ಮೀನಾಕ್ಷಮ್ಮ ಫೋನ್ ಎತ್ತದಿದ್ದಾಗ ಒಲೆ ಆರಿಸಿ ನನ್ನನ್ನೂ ಆಟೋ ಹತ್ತಿಸಿಯೇ ಬಿಟ್ಟಳು. ಅಲ್ಲಿ ಹೋದರೆ ಆ ತಾಯಿ ದೇವರ ಮನೆಯ ಮುಂದೆ ಕೂತು ಅಳುತ್ತಿದ್ದರು. ಹಿಂದಿನ ದಿನ ಅವರಿಗೂ ಪರಿಚಯದವರ ನಂಬರಿನಿಂದ ಇಂಥದೇ ಪತ್ರಿಕೆ ಬಂದಿತ್ತು. ಯಾರ ಮದುವೆಯೋ ಎಂಬ ಆತುರದಲ್ಲಿ ದಿನಾಂಕ ಓದದೆ ಒತ್ತಿದ್ದರು. ಈಗ ಅವರ ಹೆಸರಿನಲ್ಲಿ ಊರಿಗೆಲ್ಲ ಕರೆಯೋಲೆ ಹೋಗುತ್ತಿತ್ತು. ಅವರಿಗೆ ಕಳ್ಳನಿಗಿಂತ ಮಗನ ಭಯ ಹೆಚ್ಚು. "ದೀಪಕ್‌ಗೆ ಹೇಳ್ಬೇಡಿ ಸೀತಮ್ಮ, ಇದನ್ನ ಕಿತ್ಕೊಂಡು ಬಟನ್ ಫೋನ್ ಕೊಟ್ಬಿಡ್ತಾನೆ. ಪೊಲೀಸ್‌ಗಂತೂ ಬೇಡವೇ ಬೇಡ, ಬೀದಿಗೆಲ್ಲಾ ಗೊತ್ತಾಗತ್ತೆ" ಎಂದು ಕೈಮುಗಿದರು. ದಾವಣಗೆರೆಯಲ್ಲಿ ಹಾಸಿಗೆ ಹಿಡಿದ ತಂಗಿಯ ಮುಖವನ್ನು ಅವರು ದಿನಾ ನೋಡುವುದು ಆ ಫೋನಿನಲ್ಲೇ.

ನಿನ್ನ ಅಮ್ಮ ಕೂತು ಸಮಾಧಾನ ಹೇಳುವ ಜಾತಿಯಲ್ಲ. ಮೊದಲು ಆ ಫೋನಿನ ಇಂಟರ್ನೆಟ್ ಆಫ್ ಮಾಡಿ ಸಿಮ್ ತೆಗೆಸಿದಳು. ತನ್ನ ಫೋನಿನಿಂದ ಬ್ಯಾಂಕಿಗೆ ಮಾಡಿ ಖಾತೆಗೆ ತಡೆ ಹಾಕಿಸಿದಳು. ಮುಂದಿನದು 1930, ಸೈಬರ್ ದೂರಿನ ನಂಬರು. ಮೀನಾಕ್ಷಮ್ಮ ಹಿಂಜರಿದಾಗ, "ಮೋಸ ಮಾಡಿದೋನು ಎಲ್ಲೋ ಆರಾಮಾಗಿ ಕಾಫಿ ಕುಡೀತಿರ್ತಾನೆ. ತಲೆ ತಗ್ಗಿಸ್ಕೊಂಡು ಕೂರೋದು ನೀವಾ?" ಎಂದು ಗದರಿ ಅವರ ಕೈಯಿಂದಲೇ ದೂರು ಕೊಡಿಸಿದಳು. ಪುಣ್ಯಕ್ಕೆ ಹಣ ಹೋಗಿರಲಿಲ್ಲ. ಅಷ್ಟಕ್ಕೇ ಬಿಡದೆ ಅವರ ಹಳೆಯ ಡೈರಿ ತೆಗೆಸಿ, ಅದರಲ್ಲಿದ್ದ ಒಬ್ಬೊಬ್ಬರಿಗೂ ಫೋನ್ ಮಾಡಿ, "ಮದುವೆ ಇಲ್ಲ, ಪತ್ರಿಕೆ ತೆಗೀಬೇಡಿ" ಎಂದು ಹೇಳಿದಳು. ಒಬ್ಬರು "ಅಯ್ಯೋ, ಮುರಿದು ಹೋಯ್ತಾ? ಹುಡುಗಿ ಕಡೆಯವರು ಏನಂದ್ರು?" ಎಂದು ಕೇಳಿದರು. ಅಷ್ಟು ಹೊತ್ತು ಅಳುತ್ತಿದ್ದ ಮೀನಾಕ್ಷಮ್ಮ ಅದಕ್ಕೆ ನಕ್ಕರು. ಊಟಕ್ಕೆ ಕೂರುವ ಹೊತ್ತಿಗೆ ನಾಲ್ಕು ಗಂಟೆಯಾಗಿತ್ತು.

ಸಂಜೆ ದೀಪಕ್ ಬಂದ, ತಾಯಿಯ ಬಾಯಿಂದಲೇ ವಿಷಯ ಕೇಳಿ ಮುಖ ಗಂಟಿಕ್ಕಿದ. ಇನ್ನೇನು ತಾಯಿಯನ್ನು ಬೈಯಬೇಕು, ನಿನ್ನ ಅಮ್ಮ ನಡುವೆ ಬಾಯಿ ಹಾಕಿದಳು. "ಮನೆಗೆ ಕಳ್ಳ ನುಗ್ಗಿದ್ರೆ ಬೀಗ ಬದಲಾಯಿಸ್ತಾರೆ ಕಣಪ್ಪ, ಅಮ್ಮನ್ನ ಬೈಯಲ್ಲ. ನಿಮ್ಮಮ್ಮ ಮುಚ್ಚಿಡದೆ ದೂರು ಕೊಟ್ರು. ನಾಳೆ ನಿಂಗೇ ಹಿಂಗಾದ್ರೆ ಅಷ್ಟು ಧೈರ್ಯ ಬರತ್ತಾ ನೋಡು" ಎಂದಳು. ಹುಡುಗ ಒಳ್ಳೆಯವನು. ತಾಯಿಯ ಪಕ್ಕ ಕೂತು ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ, ಹೊಸದಾಗಿ ಸರಿಮಾಡಿ, ಅವರ ಕೈಗೇ ಕೊಟ್ಟ. ವಾಪಸು ಬರುವಾಗ ಆಟೋದಲ್ಲಿ ನಾನು ಅವಳನ್ನೇ ನೋಡುತ್ತ ಕೂತಿದ್ದೆ. ಇವಳಿಗೆ ಲೋಕಜ್ಞಾನ ಸಾಲದು ಎಂದು ಮೂವತ್ತೆಂಟು ವರ್ಷ ನೆಂಟರ ಮುಂದೆಲ್ಲ ತಮಾಷೆ ಮಾಡಿದ್ದೇನೆ. ಅವತ್ತು ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಅವಳು ಮಾತ್ರ ಆಟೋದವನ ಹತ್ತಿರ ಟೊಮೆಟೊ ರೇಟಿನ ಬಗ್ಗೆ ಮಾತಾಡುತ್ತಿದ್ದಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಮ್ಮೆಗಳ ಹಿಂದೆ ನಿಲ್ಲಬೇಡ. ನಿನಗೆ ಸದಾ ಒಳ್ಳೆಯದಾಗಲಿ ಮಗಳೇ.

ಇಂತಿ,
ನಿನ್ನ ಅಪ್ಪ

ತಾ.ಕ.: ಅವಳು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇದನ್ನು ಹೇಳಲೆಂದೇ ಪೆನ್ನು ಹಿಡಿದವನು ಇಷ್ಟು ಹೊತ್ತು ಸುತ್ತಿ ಬಳಸಿದೆ. ಮೇ ತಿಂಗಳಲ್ಲಿ ನನ್ನ ಸ್ಕೂಟರಿಗೆ ಟ್ರಾಫಿಕ್ ದಂಡ ಎಂದು ಒಂದು ಮೆಸೇಜು ಬಂದಿತ್ತು. ಲಿಂಕ್ ಒತ್ತಿ ಕಾರ್ಡಿನ ವಿವರ ಕೊಟ್ಟುಬಿಟ್ಟೆ. ಅಮ್ಮನ ಮಂಡಿ ಆಪರೇಷನ್ನಿಗೆಂದು ಎತ್ತಿಟ್ಟಿದ್ದರಲ್ಲಿ ಅರ್ಧಕ್ಕರ್ಧ ಹೋಯಿತು. ಬ್ಯಾಂಕಿನವನೇ ಮೋಸ ಹೋದ ಎಂದು ಜನ ನಗುತ್ತಾರೆಂದು ಯಾರಿಗೂ ಹೇಳಲಿಲ್ಲ, ದೂರನ್ನೂ ಕೊಡಲಿಲ್ಲ. ನಿನ್ನೆ ಅವಳಿಗೆ ಹೇಳಿದೆ. 1930 ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟಳು. ದೂರು ಬರೆದುಕೊಂಡರು. ಆಗಲೇ ಹೇಳಿದ್ದರೆ ಹಣ ತಡೆಯಬಹುದಿತ್ತು, ಈಗ ಕಷ್ಟ ಎಂದರು. ಫೋನಿಟ್ಟು, ನಿನ್ನ ಮಂಡಿಯ ದುಡ್ಡು ಕಣೇ ಎಂದೆ. ಆಗ ಅತ್ತಳು ಧೃತಿ. "ಎರಡು ತಿಂಗಳಿಂದ ಅರ್ಧ ಊಟಕ್ಕೇ ಏಳ್ತಿದ್ರಿ. ಏನೋ ದೊಡ್ಡ ಕಾಯಿಲೆ ಮುಚ್ಚಿಡ್ತಿದ್ದೀರಿ ಅಂತ ಹೆದರಿ ಸತ್ತಿದ್ದೆ. ಬರೀ ದುಡ್ಡಾ ರೀ ಹೋಗಿದ್ದು?"