ಎರಡು ಪೆಟ್ಟಿಗೆ, ಒಂದು ಸ್ಟೂಲು

ಮನೆಯಿಂದ,
ಮಂಗಳವಾರ, ಮಾರ್ಚ್ ೧೧

ಯಜಮಾನರಿಗೆ,

ಮೊದಲು ಪ್ರೀತಿಯ ಅಂತ ಬರೆಯಬೇಕಂತೆ. ಬೇಕಿದ್ದರೆ ನೀವೇ ಸೇರಿಸಿಕೊಂಡು ಓದಿ. ಮಂಡಿ ನೋವು ಹೇಗಿದೆ? ಮಾತ್ರೆ ಊಟ ಆದಮೇಲೆ ನುಂಗಬೇಕು, ಮೊದಲಲ್ಲ. ನಿಮ್ಮ ಅಕ್ಕನಿಗೆ ಇದು ಗೊತ್ತಿರಲ್ಲ, ನಿಮಗೆ ನೆನಪಿರಲ್ಲ. ಅವರ ಕೆಮ್ಮು ಕಡಿಮೆ ಆಯ್ತಾ? ಅವರ ಮನೆಗೆ ಬಣ್ಣ ಹೊಡೆಸಿ ಬರ್ತೀನಿ ಅಂತ ಹೋದವರು ನೀವು. ಇಷ್ಟು ದಿನ ಹೊಡೆದರೆ ಗೋಡೆ ದಪ್ಪವಾಗಿ ರೂಮೇ ಸಣ್ಣದಾಗಿರಬೇಕು. ನಾನು ಚೆನ್ನಾಗಿದ್ದೀನಿ. ಹೊಲಿಗೆ ಮಷೀನೂ ಚೆನ್ನಾಗಿದೆ, ಇದ್ದಲ್ಲೇ ಇದೆ.

ಸ್ಪೀಕರ್ ತಂದಿದ್ದೀನಿ. ನಿಮ್ಮನ್ನು ಕರೆಸಿಕೊಳ್ಳೋಕೆ ಅಂದುಕೊಂಡು ಉಬ್ಬಬೇಡಿ. ನೀವು ಕೆಲಸಕ್ಕಿದ್ದ ಟಾಕೀಸು ಮುಚ್ಚಿದಾಗ ಮಾಲೀಕರು ನಿಮಗೆ ಕೊಟ್ಟ ಪ್ಲೇಯರೂ ಆಂಪ್ಲಿಫೈಯರೂ ನಾನು ಬಟ್ಟೆ ಕತ್ತರಿಸೋ ಮೇಜಿನ ಮೇಲೆ ಟವೆಲ್ ಹೊದ್ದು ಮಲಗಿದ್ದವು. ದಿನಾ ಎತ್ತು, ಕತ್ತರಿಸು, ಮತ್ತೆ ಇಡು. ಸ್ಪೀಕರಿಗೆ ಜಾಗ ಬೇಕು, ಮಷೀನು ಒಳಗಿನ ರೂಮಿಗೆ ಹಾಕು ಅಂದಿರಿ. ಆ ಕತ್ತಲಲ್ಲಿ ಸೂಜಿಗೆ ನೂಲು ನಿಮ್ಮ ಅಕ್ಕ ಬಂದು ಪೋಣಿಸ್ತಾರಾ ಅಂದೆ. ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟಿರಿ. ಸರಿ, ಈ ಮುಂದಿನ ಹಾಲ್‌ಗೆ ಯಾವ ಸ್ಪೀಕರೂ ಆಗಲ್ಲ ಅಂತ ಅಂಗಡಿಯವರ ಬಾಯಿಂದಲೇ ಹೇಳಿಸಿ, ಅದನ್ನೇ ನಿಮಗೆ ಬರೆದು ಕಳಿಸೋಣ ಅಂತ ಹೋದೆ.

ಅಂಗಡಿಯಲ್ಲಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬ ಹೆಂಗಸು ಇದ್ದಳು. ನಿಮ್ಮ ಹಾಲ್ ಹೇಗಿದೆ ಹೇಳಿ ಅಮ್ಮ ಅಂದಳು. ಹೇಳಿದೆ. ಒಂದು ಗೋಡೆ ತುಂಬ ಎರಡು ಬಾಗಿಲು. ಇನ್ನೊಂದು ಗೋಡೆಯ ಆಚೆ ನೈಟ್ ಡ್ಯೂಟಿ ನರ್ಸು ಹಗಲೆಲ್ಲ ಮಲಗಿರುತ್ತಾಳೆ, ಈ ಕಡೆ ಒಂದು ಮೊಳೆ ಹೊಡೆದರೂ ಜಡೆ ಬಿಚ್ಚಿಕೊಂಡು ಜಗಳಕ್ಕೆ ಬರುತ್ತಾಳೆ. ಮೂರನೇದರಲ್ಲಿ ಕಿಟಕಿ, ಅದರ ಪಕ್ಕ ಮಷೀನು. ಉಳಿದಿದ್ದು ಎದುರಿಗೆ ನೂಲಿನ ಡಬ್ಬಿಗಳ ಗೋಡೆ. ಅದರಲ್ಲೂ ಒಂದು ತುದಿಗೆ ಒಳಗಿನ ಬಾಗಿಲು ತೆರೆದು ಬಡಿಯುತ್ತೆ. "ಮಷೀನು ಸ್ವಲ್ಪ ಜರುಗಿಸಬಹುದಾ?" ಅಂದಳು. "ಆ ಮಾತಿಗೇ ನಮ್ಮ ಯಜಮಾನರು ಮನೆ ಬಿಟ್ಟಿದ್ದಾರೆ" ಅಂದೆ. ಆಮೇಲೆ ಮಷೀನಿನ ಸುದ್ದಿ ಎತ್ತಲಿಲ್ಲ. ಆಗಲ್ಲ ಅಂತ ಹೇಳಿಬಿಡು ತಾಯಿ, ಹೊರಡ್ತೀನಿ ಅಂದರೆ, "ಕೇಳೋರು ಎಲ್ಲಿ ಕೂರ್ತಾರೆ, ಅದು ಹೇಳಿ" ಅಂತಾಳೆ. ನಾವಿಬ್ಬರೂ ಅಷ್ಟು ಕಿರುಚಾಡಿದೆವಲ್ಲ, ಸ್ಪೀಕರ್ ಪೆಟ್ಟಿಗೆ ಎಲ್ಲಿಡೋದು ಅಂತಲೇ ಹೊರತು ಇದನ್ನು ಒಬ್ಬರೂ ಕೇಳಲಿಲ್ಲ.

ನಿಮ್ಮ ಕಣ್ಣು ಬಿದ್ದಿತ್ತಲ್ಲ, ಬೀರು ಥರ ನಿಲ್ಲೋದು, ಅದು ಆಗಲ್ಲ. ಅದರ ಬೆನ್ನಲ್ಲಿ ತೂತಿದೆ. ಗೋಡೆಯಿಂದ ದೂರ ನಿಲ್ಲಿಸದಿದ್ದರೆ ಗುಂಯ್ ಅನ್ನುತ್ತಂತೆ, ದೂರ ನಿಲ್ಲಿಸಿದರೆ ನಾವು ಅಡ್ಡಡ್ಡ ನಡೀಬೇಕು. ತೂತಿಲ್ಲದ ಚಿಕ್ಕ ಪೆಟ್ಟಿಗೆ ತೋರಿಸಿದಳು. ಗೋಡೆಗೆ ಒತ್ತಿ ಇಟ್ಟರೂ ಅದಕ್ಕೆ ತಕರಾರಿಲ್ಲ. ಆ ಪೆಟ್ಟಿಗೆಯಿಂದ ಈ ಪೆಟ್ಟಿಗೆಗೆ ಎಷ್ಟು ದೂರವೋ, ಎರಡರಿಂದಲೂ ಕೇಳೋರ ತಲೆಗೆ ಅಷ್ಟೇ ದೂರ ಇರಬೇಕು, ಅಷ್ಟೇ ಲೆಕ್ಕ ಅಂದಳು. ಯಾವತ್ತೂ 'ನಾಳೆ ಬರ್ತೀನಿ' ಅನ್ನೋ ನಮ್ಮ ಬಡಗಿಯನ್ನು ಬೈದು ಕರೆಸಿ, ಡಬ್ಬಿಗಳ ಆ ಕಡೆ ಈ ಕಡೆ ಎರಡು ಹಲಗೆ ಹೊಡೆಸಿದೆ. ಬಾಗಿಲು ಬಡಿಯದ ಹಾಗೆ ಎರಡನ್ನೂ ಗೋಡೆಯ ಇನ್ನೊಂದು ತುದಿಗೆ ಜರುಗಿಸಬೇಕಾಯ್ತು. ಆಮೇಲೆ ಟೇಪು ಹಿಡಿದು ಅಳೆದೆ. ಕೇಳೋ ಜಾಗ ಸರಿಯಾಗಿ ನನ್ನ ಮಷೀನಿನ ಸ್ಟೂಲಿನ ಮೇಲೆ ಬಂತು. ತಪ್ಪಿರಬೇಕು ಅಂತ ಮತ್ತೆ ಅಳೆದೆ. ಸ್ಟೂಲೇ.

ಹಾಡು ಹಾಕಿ ಕೂತೆ. ಪೆಟ್ಟಿಗೆ ಎರಡು, ಆದರೆ ಹಾಡೋ ಹೆಂಗಸಿನ ದನಿ ಎರಡರಿಂದಲೂ ಬರಲಿಲ್ಲ. ನಡುವೆ ನೀಲಿ ನೂಲಿನ ಡಬ್ಬಿ ಇದೆಯಲ್ಲ, ಅಲ್ಲಿಂದ ಬಂತು. ಎದ್ದು ಹೋಗಿ ಡಬ್ಬಿ ಎತ್ತಿ ಹಿಂದೆ ನೋಡಿದೆ. ನಗಬೇಡಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಅವಳೂ ಸರಿದು ಒಂದು ಪೆಟ್ಟಿಗೆಯೊಳಗೆ ಸೇರಿಕೊಳ್ತಾಳೆ. ಸ್ಟೂಲಿಗೆ ವಾಪಸ್ ಬಂದರೆ ಮತ್ತೆ ಡಬ್ಬಿ ಹತ್ತಿರ ಬಂದು ನಿಲ್ತಾಳೆ. ಬಾಗಿಲ ಹತ್ತಿರ ನಿಮ್ಮ ಕುರ್ಚಿಯಲ್ಲೂ ಕೂತು ನೋಡಿದೆ. ಅಲ್ಲಿ ಕೇಳೋದು ಒಂದೇ ಪೆಟ್ಟಿಗೆ. ಅಷ್ಟು ವರ್ಷ ಪ್ರೊಜೆಕ್ಟರ್ ರೂಮಲ್ಲಿ ಕರಕರ ಸದ್ದಿನ ಜೊತೆ ಅಂಗೈಯಗಲದ ಸ್ಪೀಕರಲ್ಲೇ ಎಲ್ಲಾ ಹಾಡು ಕೇಳಿದ್ದು, ಒಂದು ಸಲ ನಡುವಿನ ಸಾಲಲ್ಲಿ ಕೂತು ಕೇಳಬೇಕು ಅಂತಿದ್ದಿರಿ. ಆ ಕುರ್ಚಿ ನಿಮಗೆ ಮತ್ತೆ ಪ್ರೊಜೆಕ್ಟರ್ ರೂಮೇ. ನಡುವಿನ ಸಾಲು ಅನ್ನೋದು ಈ ಮನೇಲಿ ಇದ್ದರೆ ನನ್ನ ಸ್ಟೂಲಲ್ಲಿದೆ. ಮಷೀನು ನಾನು ಕದಲಿಸಲ್ಲ. ಅದರಲ್ಲಿ ಮಾತಿಲ್ಲ.

ಟಾರ್ಚು ನಿಮ್ಮ ಬ್ಯಾಗಲ್ಲಿ ಹೋಗಿದೆ, ಇಲ್ಲಿ ಕರೆಂಟು ಹೋದಾಗ ಪರದಾಡ್ತಿದ್ದೀನಿ. ಅಕ್ಕನಿಗೆ ನನ್ನ ನಮಸ್ಕಾರ ಹೇಳಿ, ಬಣ್ಣದ ಡಬ್ಬಕ್ಕೆ ಇನ್ನಾದರೂ ಮುಚ್ಚಳ ಹಾಕಿಸಿ.

ಇಂತಿ,
ನೀವು ಸಿಟ್ಟಲ್ಲಿ ಕರೆಯೋ ಹಾಗೆ,
ಮಷೀನಮ್ಮ

ಲಕೋಟೆ ಅಂಟಿಸೋ ಮೊದಲು ಇನ್ನೊಂದು ಮಾತು: ಸ್ಟೂಲು ತೆಗೆದು ಅಲ್ಲಿಗೆ ಬೆಂಚು ಮಾಡಿಸ್ತಿದ್ದೀನಿ. ಬಡಗಿ ಈ ಸಲ ನೋಡಿ, ಹೇಳಿದ ದಿನವೇ ಹಲಗೆ ತಂದು ಬಾಗಿಲಲ್ಲಿ ಕೂತಿದ್ದಾನೆ. "ಒಬ್ಬರಿಗಾ ಅಮ್ಮ, ಇಬ್ಬರಿಗಾ?" ಅಂತ ತಲೆ ತಿಂತಿದ್ದಾನೆ. ನಾಳೆ ಹೇಳ್ತೀನಿ ಅಂದೆ, ಈ ಸಲ ನಾನೇ. ಇಬ್ಬರು ಕೂತರೆ ಸರಿಯಾದ ನಡು ಯಾರಿಗೂ ಸಿಗಲ್ಲ, ನೀವೊಂದಿಷ್ಟು ನಾನೊಂದಿಷ್ಟು ಒತ್ತಿಕೊಂಡು ಕೂರಬೇಕು. ಹಾಡು ಮುಗಿಯೋವರೆಗೂ ಮಷೀನು ತುಳಿಯಲ್ಲ. ಗುಂಡಿ ಹೊಲೀತೀನಿ, ಅದಕ್ಕೆ ಸದ್ದಿಲ್ಲ. ಹಲಗೆ ಒಂದು ಸಲ ಕೊಯ್ದರೆ ಆಮೇಲೆ ಉದ್ದ ಆಗಲ್ಲ. ಒಬ್ಬರಿಗಾ ಇಬ್ಬರಿಗಾ, ಬೇಗ ತಿಳಿಸಿ.